ಮುಟ್ಟಿದ ಪುಟದ ಗುರುತು

ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ನಕಲು ಮಾಡುವುದೇನೂ ಕಷ್ಟವಲ್ಲ. ಆದರೆ ನಕಲಾದ ಮೆಮೊರಿ ಪುಟದ ಮೇಲೆ ಮರುಕ್ಷಣವೇ ಹೊಸದೇನೋ ಬಂದು ಕೂತಿರುತ್ತದೆ. ಬದಲಾದದ್ದು ಯಾವುದೆಂದು ಹಿಡಿಯುವ ಉಪಾಯ ನನಗೆ ಇಂದಿಗೂ ಬೆರಗು. ಅದು ಅಷ್ಟು ಸರಳ.

ಮೆಮೊರಿಯ ಪ್ರತಿ 4 ಕೆಬಿ ಪುಟಕ್ಕೆ ಒಂದೇ ಒಂದು ಬಿಟ್. ಒಂದು ಜಿಬಿಗೆ 2,62,144 ಪುಟ. ಅಷ್ಟರ ಲೆಕ್ಕವೂ 32 ಕೆಬಿಯಲ್ಲಿ ಮುಗಿಯುತ್ತದೆ. ನಕಲು ನಡೆಯುವುದು ಸುತ್ತುಸುತ್ತಾಗಿ. ಮೊದಲು ಎಲ್ಲ ಪುಟಗಳಿಗೂ ಬರೆಯದಂತೆ ತಡೆ ಹಾಕುತ್ತಾರೆ. ಗೆಸ್ಟ್, ಅಂದರೆ ಸಾಗುತ್ತಿರುವ ಆ ವರ್ಚುವಲ್ ಮಷೀನ್, ಬರೆಯಹೋದರೆ ಪ್ರೊಸೆಸರ್ ತಡೆದು, ವರ್ಚುವಲ್ ಮಷೀನುಗಳನ್ನು ನಡೆಸುವ ಹೈಪರ್‌ವೈಸರನ್ನು ಕರೆಯುತ್ತದೆ. ಅದು ಆ ಪುಟದ ಬಿಟ್ಟನ್ನು 1 ಮಾಡಿ, ತಡೆ ತೆಗೆದು, ಗೆಸ್ಟನ್ನು ಅದರ ಪಾಡಿಗೆ ಬಿಡುತ್ತದೆ. ಆ ಸುತ್ತಿನಲ್ಲಿ ಅದೇ ಪುಟಕ್ಕೆ ಇನ್ನು ಸಾವಿರ ಸಲ ಬರೆದರೂ ಅಡ್ಡಿಯಿಲ್ಲ. ಎಷ್ಟು ಹದವಾದ ಲೆಕ್ಕ! ಮುಂದಿನ ಸುತ್ತಿಗೆ ಗುರುತಾದ ಪುಟಗಳಷ್ಟೇ ಹೋಗುತ್ತವೆ. ಉಳಿದದ್ದು ತೀರ ಸ್ವಲ್ಪ ಅನ್ನುವಾಗ ಗೆಸ್ಟನ್ನು ನಿಲ್ಲಿಸಿ, ಕೊನೆಯ ಪುಟಗಳನ್ನು ಕಳಿಸಿ, ಆಚೆ ಕಡೆ ಎಬ್ಬಿಸುತ್ತಾರೆ.

ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ಸಂಶೋಧಕರು 2005ರ ಪ್ರಬಂಧದಲ್ಲಿ, ಝೆನ್ ಎಂಬ ಹೈಪರ್‌ವೈಸರ್ ಮೇಲೆ ನಡೆಯುತ್ತಿದ್ದ ಕ್ವೇಕ್ 3 ಆಟದ ಸರ್ವರನ್ನೇ ಹೀಗೆ ಸಾಗಿಸಿ ತೋರಿಸಿದರು. ಅದು ನಿಂತದ್ದು ಸುಮಾರು 60 ಮಿಲಿಸೆಕೆಂಡ್.

ಆಮೇಲೆ ಇಂಟೆಲ್ ಗುರುತು ಹಾಕುವ ಈ ಕೆಲಸವನ್ನು ಚಿಪ್‌ಗೇ ಒಪ್ಪಿಸಿತು: ಬರೆದ ಪುಟದ ವಿಳಾಸವನ್ನು ಪ್ರೊಸೆಸರೇ 512 ಸಾಲಿನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ಪಟ್ಟಿ ತುಂಬಿದರೆ ಮಾತ್ರ ಹೈಪರ್‌ವೈಸರನ್ನು ಎಬ್ಬಿಸುತ್ತದೆ. ಆದರೂ ನೆಟ್‌ವರ್ಕ್ ಸಾಗಿಸುವುದಕ್ಕಿಂತ ಜೋರಾಗಿ ಬರೆಯುವ ಡೇಟಾಬೇಸ್ ಎದುರಾದರೆ ಸುತ್ತುಗಳು ಮುಗಿಯುವುದೇ ಇಲ್ಲ. ಅಂಥ ಹೊತ್ತಿಗೆಂದೇ ಗೆಸ್ಟ್‌ನ ಓಟವನ್ನು ಸ್ವಲ್ಪಸ್ವಲ್ಪವೇ ತಗ್ಗಿಸುವ ಏರ್ಪಾಡು ಕ್ಯೂಎಮು ಎಂಬ ವರ್ಚುವಲ್ ಮಷೀನ್ ತಂತ್ರಾಂಶದಲ್ಲಿದೆ.