ಕ್ರೋಮ್ ಹಾಕಿದ್ರೆ ಸಾಕಾ?

ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳಿಗೆ 1974 ಅಂದ್ರೆ ಆಗಿಬರಲ್ಲ. ಗಂಟೆಗೆ 5 ಮೈಲಿ ವೇಗದ ಗುದ್ದನ್ನ ಬಂಪರ್ ತಡೀಬೇಕು ಅಂತ ಅಮೆರಿಕ ಹೇಳಿತ್ತು. ಕಂಪನಿ ಮೊದಲು ಕ್ರೋಮ್ ಬಂಪರಿಗೆ ಎರಡು ದಪ್ಪ ರಬ್ಬರ್ ಗಾರ್ಡ್ ಕೂರಿಸಿತು. ವರ್ಷ ಮುಗಿಯೋದ್ರೊಳಗೆ ಮೂತಿ ಪೂರ್ತಿ ಕಪ್ಪು!

ಈಗ ಅದನ್ನ ಕಿತ್ತು ಹಾಕಿ ಹಳೇ ಕ್ರೋಮ್ ಕೂರಿಸೋಕೆ ಹೊರಗಿನವರ ಕಿಟ್ ಸಿಗುತ್ತೆ. ಫೋಟೋ ನೋಡಿ ನಾನೂ ಮರುಳಾಗಿದ್ದೆ. ಆಮೇಲೆ ಅಂಥದ್ದೇ ಒಂದು ಕಾರನ್ನ ಪಕ್ಕದಿಂದ ತೆಗೆದ ಫೋಟೋ ಸಿಕ್ತು. ಪಂಚೆ ಎತ್ತಿ ಹಳ್ಳ ದಾಟೋರ ಹಾಗೆ ನಿಂತಿತ್ತು. ಯಾಕಂದ್ರೆ ದೀಪದ ಎತ್ತರದ ನಿಯಮಕ್ಕೆ ಅಂತ ಕಂಪನಿ ಇಡೀ ಕಾರನ್ನೇ ಇಂಚಿನಷ್ಟು ಮೇಲೆತ್ತಿತ್ತು. ಸಾಲದ್ದಕ್ಕೆ ಖರ್ಚು ಉಳಿಸೋಕೆ ಮುಂದಿನ ಆಂಟಿ-ರೋಲ್ ಬಾರನ್ನೂ ತೆಗೀತು. 1977ರ ಮಾದರಿಯಲ್ಲಿ ತಾನೇ ವಾಪಸ್ ಹಾಕಿತು. ತಿರುವಿನಲ್ಲಿ ಕಾರು ವಾಲೋದು ಇದರಿಂದ. ಬೈಗುಳ ತಿಂದಿದ್ದು ಮಾತ್ರ ರಬ್ಬರ್.

ಹಾಗಾಗಿ ದುಡ್ಡಿದ್ರೆ ಮೊದಲು ಸಸ್ಪೆನ್ಷನ್ ಇಳಿಸಿ. ಕಂಪನಿ ಗಾರ್ಡ್ ಅಂದವಾಗಿಲ್ಲ, ಒಪ್ತೀನಿ. ಆದ್ರೆ 1975ರ ಕಾರಿಗೆ 1965ರ ವೇಷ ಹಾಕಿ ಒರಿಜಿನಲ್ ಅಂತ ಮಾರೋದು ಶುದ್ಧ ಮೋಸ. ಕ್ರೋಮೇ ಬೇಕಂದ್ರೆ ಹಾಕಿಸ್ಕೊಳ್ಳಿ. ಬಿಚ್ಚಿದ ರಬ್ಬರನ್ನ ಮಾತ್ರ ಗುಜರಿಗೆ ಹಾಕಬೇಡಿ.