ಚುನ್‌ಹ್ಯಾಂಗ್ ಕಥೆಯಲ್ಲಿ ಮುದ್ರೆಯೂ ಉಂಗುರವೂ

ಕೊರಿಯದ ಚುನ್‌ಹ್ಯಾಂಗ್ ಕಥೆಯನ್ನು ಓದಿದವರಿಗೆ ಅದರ ನಿರ್ವಹಣಸಂಧಿಯ ವಿಷಯದಲ್ಲಿ ಒಂದು ಆಕ್ಷೇಪವು ಸಹಜವಾಗಿ ತೋರುವುದು. ನಾಮ್‌ವೊನ್ ಊರಿನ ಅಧಿಕಾರಿ ಬ್ಯೊನ್ ಹಾಕ್ತೊ ತನ್ನ ಹುಟ್ಟುಹಬ್ಬದ ಔತಣದಲ್ಲಿರುವಾಗ, ಭಿಕ್ಷುಕನಂತೆ ಬಂದು ಕುಳಿತ ಯಿ ಮೊಂಗ್‌ನ್ಯೊಂಗನು ಲೋಹದ ಬಿಲ್ಲೆಯೊಂದರ ಬಲದಿಂದ ಅರಗಳಿಗೆಯಲ್ಲಿ ಸಭೆಯನ್ನು ಚದುರಿಸಿ, ಸೆರೆಯಲ್ಲಿದ್ದ ನಾಯಿಕೆಯನ್ನು ಉಳಿಸುವನು. ಇದು ಮಂತ್ರದಂಡದ ಕೆಲಸವಲ್ಲವೆ?

ಆ ಬಿಲ್ಲೆ ಏನೆಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಅದರ ಹೆಸರು ಮಾಪೆ. ಎಂದರೆ ಕುದುರೆಯ ಬಿಲ್ಲೆ. 1392ರಲ್ಲಿ ಸ್ಥಾಪಿತವಾದ ಚೊಸೊನ್ ರಾಜ್ಯದಲ್ಲಿ ಅರಸನ ಮುದ್ರೆಗಳನ್ನು ಕಾಯುತ್ತಿದ್ದ ಸಾಂಗ್‌ಸೊವೊನ್ ಎಂಬ ಕಚೇರಿಯು ಅದನ್ನು ಕೊಡುತ್ತಿತ್ತು. ಒಂದು ಮೈಯಲ್ಲಿ ಕಚೇರಿಯ ಹೆಸರೂ ಕಾಲವೂ, ಇನ್ನೊಂದರಲ್ಲಿ ಕುದುರೆಗಳ ಚಿತ್ರ. ಎಷ್ಟು ಕುದುರೆಗಳನ್ನು ಕೆತ್ತಿದೆಯೋ ದಾರಿಯ ಠಾಣ್ಯಗಳಲ್ಲಿ ಅಷ್ಟನ್ನೇ ಪಡೆಯತಕ್ಕದ್ದು. ವೇಷ ಮರೆಸಿ ಸಂಚರಿಸುವ ರಾಜಪರೀಕ್ಷಕನಿಗೆ ಇದರೊಡನೆ ಮೊಹರು ಹಾಕಿದ ನಿರೂಪವೂ ಹಿತ್ತಾಳೆಯ ಅಳತೆಗೋಲೂ ದೊರೆಯುತ್ತಿದ್ದುವು. ಅವನು ತನ್ನ ಪತ್ರಗಳ ಮೇಲೆ ಮಾಪೆಯನ್ನೇ ಮುದ್ರೆಯಾಗಿ ಒತ್ತುತ್ತಿದ್ದನು. ಹೀಗಿರಲು ಔತಣದ ಪ್ರಸಂಗದಲ್ಲಿ ಮಾಂತ್ರಿಕವಾದುದೇನೂ ಇಲ್ಲ. ಅಸಂಭವವಿರುವುದು ಬೇರೆಡೆ: ಪರೀಕ್ಷಕನು ನೋಡಬೇಕಾದ ಊರುಗಳನ್ನು ಚೀಟಿಯೆತ್ತಿ ಗೊತ್ತುಮಾಡುವ ಪದ್ಧತಿಯಿದ್ದಿತು, ತಂದೆ ಆಳಿದ, ಪ್ರಿಯೆಯಿರುವ ಊರೇ ಮೊಂಗ್‌ನ್ಯೊಂಗನ ಪಾಲಿಗೆ ಬಂದುದು ಕಥೆಗಾರನ ಕೃಪೆ. ಅದನ್ನು ನಾವು ಕ್ಷಮಿಸಬಹುದು.

ಕ್ಷಮಿಸಲಾಗದುದು ಮುಂದಿನದು. ಸೆರೆಯಿಂದ ಕರೆತಂದ ಚುನ್‌ಹ್ಯಾಂಗಳಿಗೆ ತಾನಾರೆಂಬುದನ್ನು ಹೇಳದೆ, ತನ್ನ ಸೇವೆಗಾದರೂ ಒಪ್ಪುವೆಯಾ ಎಂದು ಕೇಳಿ ಅವನು ಅವಳನ್ನು ಪರೀಕ್ಷಿಸುವನು. ಬ್ಯೊನನು ಕೇಳಿದುದೂ ಇದನ್ನೇ! ಪ್ರಜೆಯನ್ನು ಕಾಯಲೆಂದು ಕೊಟ್ಟ ಮುದ್ರೆಯು ಆ ಕ್ಷಣದಲ್ಲಿ ಪೀಡಕನ ಕೈಯ ಕೋಲಿಗಿಂತ ಬೇರೆಯಾಗಿಲ್ಲ. ಅವಳು ಮರಣವನ್ನೇ ಬೇಡುವಳು. ಒಬ್ಬ ಹಾಡುಗಾರನೂ ಒಬ್ಬ ಮದ್ದಳೆಗಾರನೂ ನಡೆಸುವ ಪಾನ್ಸೊರಿಯ ಕೆಲವು ಪಾಠಗಳಲ್ಲಿ, ಅಗಲಿಕೆಯ ಹೊತ್ತಿನಲ್ಲಿ ಅವಳೇ ಕೊಟ್ಟಿದ್ದ ಉಂಗುರವನ್ನು ಅವನು ಆಗ ಅವಳಲ್ಲಿಗೆ ಕಳುಹಿಸುವನು. ಅಧಿಕಾರಿಯೊಳಗಿನ ಮನುಷ್ಯನು ಕಾಣಿಸುವುದು ಅಲ್ಲಿ.

ನಮ್ಮ ವಾಚಕರಿಗೆ ಶಾಕುಂತಲವು ನೆನಪಾಗದಿರದು. ಅಲ್ಲಿ ದುಷ್ಯಂತನ ಹೆಸರು ಕೆತ್ತಿದ ಒಂದೇ ಉಂಗುರವು ರಾಜಮುದ್ರೆಯೂ ಹೌದು, ಪ್ರಣಯದ ಗುರುತೂ ಹೌದು. ಕೊರಿಯದ ಹಾಡುಗಾರರು ಅವೆರಡನ್ನೂ ಬೇರ್ಪಡಿಸಿರುವರು; ನಾಯಕನು ಮರೆತವನಲ್ಲವಾದುದರಿಂದ ನಂಬಿಕೆ ಹುಟ್ಟಬೇಕಾದುದು ನಾಯಿಕೆಯಲ್ಲಿ. ಉಂಗುರವಿಲ್ಲದ ಪಾಠದಲ್ಲಾದರೋ, ಮುಖವೆತ್ತಿ ನೋಡೆಂಬ ಅಪ್ಪಣೆಯಿಂದಲೇ ಗುರುತು ಸಿಗುವುದು. ಅಧಿಕಾರಿಯ ದನಿಯೇ ಕೊನೆಯವರೆಗೆ ನಿಲ್ಲುವುದು. ಉಂಗುರದ ಪಾಠವೇ ಮೇಲೆಂದು ನಮಗೆ ತೋರುತ್ತದೆ.