ಎರಡನೆಯ ಧ್ವನಿ

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದಿಷ್ಟು ಹಳೆಯ ಧ್ವನಿಸುರುಳಿಗಳಿವೆ. ಅವುಗಳಲ್ಲೊಂದರ ಮೇಲೆ ನನ್ನದೇ ಕೈಬರಹದಲ್ಲಿ ‘ಗಂಗೂಬಾಯಿ – ಅಭೋಗಿ’ ಎಂದಷ್ಟೇ ಬರೆದಿದೆ. ರೇಡಿಯೋದಿಂದ ಮುದ್ರಿಸಿಕೊಂಡದ್ದು. ಮೊನ್ನೆ ಮಳೆ ಹಿಡಿದು ಹೊರಗೆ ಹೋಗಲಾಗದೆ ಅದನ್ನು ಹಾಕಿಕೊಂಡು ಕುಳಿತೆ. ಅರ್ಧ ಕೇಳುವಷ್ಟರಲ್ಲಿ, ನಾನು ಬರೆದ ಹೆಸರೂ ಅರ್ಧವೇ ಆಯಿತಲ್ಲ ಎಂದು ಮೊದಲ ಸಲ ಅನಿಸಿತು. ಸುರುಳಿಯಲ್ಲಿ ಹಾಡಿದವರು ಇಬ್ಬರು. ತಾಯಿ ಗಂಗೂಬಾಯಿ ಹಾನಗಲ್; ಅವರ ಹಿಂದೆ ತಂಬೂರಿ ಹಿಡಿದು ಕುಳಿತ ಮಗಳು ಕೃಷ್ಣಾ.

ಸಂಗೀತದ ಬಗ್ಗೆ ಅಷ್ಟಿಷ್ಟು ಬರೆಯುವ ನನ್ನಂಥವರ ತಪ್ಪೊಂದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಕಛೇರಿಯ ವರದಿ ಬರೆಯುವಾಗ ರಾಗ, ಬಂದಿಶು, ಆಲಾಪ, ತಾನು ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, ತಬಲಾ ಹಾರ್ಮೋನಿಯಂ ನುಡಿಸಿದವರ ಹೆಸರಿನ ಪಕ್ಕ, ‘ಕೃಷ್ಣಾ ಸಾಥ್ ನೀಡಿದರು’ ಎಂದು ಸೇರಿಸಿಬಿಡುವುದು. ನಾನೂ ಹಾಗೆ ಬರೆದವನೇ. ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆ ಸಾಥ್ ಎಂದರೇನು ಎಂದು ಒಂದು ಸಲವೂ ಬರೆಯಲಿಲ್ಲ.

ಕಿರಾಣಾ ಘರಾಣೆಯ ವಿಲಂಬಿತ ಖ್ಯಾಲವನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಅವಸರವಿಲ್ಲ. ಒಂದೊಂದೇ ಸ್ವರವನ್ನು ತೆರೆಯುತ್ತ, ಅದರಲ್ಲಿ ನಿಂತು, ಅದರ ಸುತ್ತ ತಿರುಗಾಡಿ, ಮತ್ತೊಂದು ಮೆಟ್ಟಿಲು ಏರಬೇಕು. ಹೀಗೆ ಹಾಡುವಾಗ ಮುಖ್ಯ ಗಾಯಕರು ಉಸಿರು ತೆಗೆದುಕೊಳ್ಳುವ ಗಳಿಗೆಯಲ್ಲಿ ಎಳೆ ಹರಿಯದಂತೆ ಹಿಡಿದುಕೊಳ್ಳುವುದು ಹಿಂದಿನ ಧ್ವನಿಯ ಕೆಲಸ. ಅದಕ್ಕೊಂದು ಕಟ್ಟುನಿಟ್ಟಾದ ಮರ್ಯಾದೆಯಿದೆ. ಮುಂದೆ ಕುಳಿತವರು ಇನ್ನೂ ಮುಟ್ಟದ ಸ್ವರಕ್ಕೆ ಹಿಂದಿನವರು ಮೊದಲೇ ಹೋಗುವಂತಿಲ್ಲ. ಬರುತ್ತದೆಂದು ಗೊತ್ತಿದ್ದರೂ ಕಾಯಬೇಕು. ಕಲಿತದ್ದನ್ನೆಲ್ಲ ಕಂಠದಲ್ಲಿಟ್ಟುಕೊಂಡು ಅದರಲ್ಲಿ ಸ್ವಲ್ಪವನ್ನೇ ಹೊರಗೆ ತೆಗೆಯಬೇಕು. ಕೃಷ್ಣಾ ಇದನ್ನು ದಶಕಗಳ ಕಾಲ ಮಾಡಿದರು.

ನನ್ನ ಸುರುಳಿಯ ಅಭೋಗಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಪಂಚಮವಿಲ್ಲ, ನಿಷಾದವಿಲ್ಲ. ಐದೇ ಸ್ವರಗಳ ರಾಗ. ಪಂಚಮವಿಲ್ಲದ್ದರಿಂದ ತಂಬೂರಿಯನ್ನು ಮಧ್ಯಮಕ್ಕೆ ಶ್ರುತಿ ಮಾಡುತ್ತಾರೆ. ಗಂಗೂಬಾಯಿಯವರ ಗಡುಸಾದ, ಎದೆಯಿಂದಲೇ ಎದ್ದು ಬರುವ ಧ್ವನಿ ಧೈವತದ ಮೇಲೆ ನಿಲ್ಲುತ್ತದೆ. ಅದು ನಿಂತಲ್ಲಿಂದ ಒಂದು ತೆಳುವಾದ ಧ್ವನಿ ಹೊರಟು, ಸ್ವಲ್ಪ ಸುತ್ತಾಡಿ, ಮತ್ತೆ ತಾಯಿಯ ಧ್ವನಿಯೊಳಗೆ ಬಂದು ಸೇರುತ್ತದೆ. ಸೇರಿದ ಜಾಗ ಗೊತ್ತಾಗುವುದಿಲ್ಲ. ಈ ಗೊತ್ತಾಗದಿರುವುದನ್ನೇ ನಾವು ಇಷ್ಟು ವರ್ಷ ಗಂಗೂಬಾಯಿಯವರ ದಮ್ಮು ಎಂದು ಹೊಗಳಿದ್ದೇವೆ. ಹೊಗಳಿದ್ದು ತಪ್ಪಲ್ಲ. ಆದರೆ ಆ ದಮ್ಮಿನಲ್ಲಿ ಒಂದಿಷ್ಟು ಮಗಳ ಉಸಿರೂ ಇತ್ತು.

2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ಮಗಳಿಗೆ ಎಪ್ಪತ್ತು ದಾಟಿತ್ತು, ತಾಯಿಗೆ ತೊಂಬತ್ತು ದಾಟಿತ್ತು. ‘ವಯಸ್ಸಾಗಿತ್ತಲ್ಲ’ ಎಂದು ಆಗ ಕೆಲವರು ಅಂದದ್ದನ್ನು ನಾನೇ ಕೇಳಿದ್ದೇನೆ. ಮಕ್ಕಳ ಸಾವಿಗೆ ನಾವು ವಯಸ್ಸಿನ ಲೆಕ್ಕ ಹಾಕುತ್ತೇವೆ. ಹೆತ್ತವರ ಲೆಕ್ಕ ಬೇರೆ ಇರುತ್ತದೆ. ಇನ್ನು ಕೆಲವರು ಸಮಾಧಾನದ ಇನ್ನೊಂದು ಮಾತು ಆಡಿದರು: ‘ಅವರಿಗೇನ್ರಿ, ಸಂಗೀತ ಐತಿ. ಅದರಾಗ ಎಲ್ಲಾ ಮರೀತಾರ.’

ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆ. ನೋವು ಒಂದು ಕೋಣೆಯಲ್ಲಿ, ಸಂಗೀತ ಇನ್ನೊಂದು ಕೋಣೆಯಲ್ಲಿ ಇದ್ದಿದ್ದರೆ, ಇಲ್ಲಿಂದ ಎದ್ದು ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಈ ತಾಯಿಗೆ ಮಗಳು ಇದ್ದದ್ದೇ ಸಂಗೀತದ ಒಳಗೆ. ಬಾಯಿ ತೆರೆದು ಷಡ್ಜ ಹಚ್ಚಿದರೆ ಮೊದಲು ಕೇಳಬೇಕಾದದ್ದು ಬೆನ್ನ ಹಿಂದಿನ ಆ ಧ್ವನಿ. ಅದಿಲ್ಲ ಎಂಬುದು ಮನೆಯ ಬೇರೆಲ್ಲ ಮೂಲೆಗಳಿಗಿಂತ ಹೆಚ್ಚಾಗಿ ಗೊತ್ತಾಗುವ ಜಾಗ ಹಾಡೇ ಆಗಿತ್ತು. ಅಂಥ ಹಾಡು ಮರೆಸುವುದು ಹೇಗೆ?

ಇಲ್ಲಿ ನನ್ನ ಅವ್ವನ ಮಾತು ಬರುತ್ತದೆ. ಅವ್ವ ಸಂಗೀತಗಾರಳಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿ ಎರಡು ಹಾಡು ಹೇಳುವಾಕೆ, ಅಷ್ಟೇ. ಪಕ್ಕದಲ್ಲಿ ಕುಳಿತು ತಾಳ ಬಡಿಯುತ್ತಿದ್ದವನು ನನ್ನ ತಮ್ಮ. ಅವನು ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ಹೋದ. ಆಮೇಲೆ ಅವ್ವ ದೀಪ ಹಚ್ಚುತ್ತಿದ್ದಳು, ಹಾಡುತ್ತಿರಲಿಲ್ಲ. ಒಂದು ವರ್ಷದ ಮೇಲೆ ಒಂದು ಸಂಜೆ ಸಣ್ಣ ದನಿಯಲ್ಲಿ ಶುರು ಮಾಡಿದಳು. ಪಡಸಾಲೆಯಲ್ಲಿದ್ದ ಅಪ್ಪ ನನ್ನತ್ತ ತಿರುಗಿ, ‘ಈಗ ಆರಾಮಾದ್ಲು ನೋಡು’ ಅಂದ. ಅವ್ವನಿಗೆ ಕೇಳಿಸಿತು. ಹಾಡು ಮುಗಿಸಿ ಹೊರಗೆ ಬಂದು, ‘ಆರಾಮ ಏನೂ ಆಗಿಲ್ಲ. ತಾಳ ಬಿಟ್ಟು ಹಾಡೋದು ರೂಢಿ ಮಾಡಿಕೊಳ್ಳಾಕತ್ತೀನಿ’ ಅಂದಳು. ಆಮೇಲೆ ಕೊನೆಯವರೆಗೂ ಹಾಡಿದಳು. ತಾಳವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಗುಣವಾಗುವುದು ಎಂದರೆ ಇದೇ ಇರಬೇಕು ಎಂದು ನನಗೆ ಈಗ ತೋರುತ್ತದೆ. ಗಂಗೂಬಾಯಿಯವರ ಬದುಕನ್ನು ಕಂಡವರಿಗೆ ಈ ರೂಢಿ ಅವರಿಗೆ ಹೊಸದಾಗಿರಲಿಲ್ಲ ಎಂದೂ ತಿಳಿದಿರುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ಮೊದಲ ಸಂಗೀತ ಕೇಳಿಸಿದ್ದು ತಾಯಿ ಅಂಬಾಬಾಯಿಯವರ ಕಂಠದಿಂದ. ಆಕೆ ಕರ್ನಾಟಕ ಸಂಗೀತದ ಹಾಡುಗಾರ್ತಿ. 1932ರಲ್ಲಿ ಆ ತಾಯಿ ಹೋದರು. ರೈಲಿನಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಬಂದು ಯಾರಲ್ಲಿ ಕಲಿತರೋ ಆ ಸವಾಯಿ ಗಂಧರ್ವರು 1952ರಲ್ಲಿ ಹೋದರು. ನಡುವೆ ತಮ್ಮ ಧ್ವನಿಯನ್ನೂ ಒಂದು ಸಲ ಕಳೆದುಕೊಂಡಿದ್ದರು. ಅವರ ಹರೆಯದ ಕಾಲದ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿದರೆ ಅದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆ, ಅದಕ್ಕೆ ಮಾಡಿದ ಚಿಕಿತ್ಸೆ ಎಲ್ಲ ಆದ ಮೇಲೆ ಉಳಿದದ್ದು ಗಂಡಸರ ಧ್ವನಿಯಂಥ ದಪ್ಪ ಕಂಠ. ಹೋದ ಧ್ವನಿಯನ್ನು ಅನುಕರಿಸಲು ಅವರು ಹೆಣಗಲಿಲ್ಲ. ಉಳಿದದ್ದರಲ್ಲಿ ಹಾಡಿದರು. ನಾವು ಇಂದು ಗಂಗೂಬಾಯಿ ಎಂದು ಗುರುತಿಸುವುದು ಆ ಉಳಿದ ಧ್ವನಿಯನ್ನೇ.

ಮಗಳು ಹೋಗಿ ಎರಡು ವರ್ಷಕ್ಕೆ, 2006ರಲ್ಲಿ, ತಮ್ಮ ಗಾಯನ ಬದುಕಿನ ಎಪ್ಪತ್ತೈದನೆಯ ವರ್ಷದ ನೆನಪಿಗೆ ಅವರು ಮತ್ತೆ ವೇದಿಕೆ ಏರಿದರು. ವಯಸ್ಸು ತೊಂಬತ್ಮೂರು. ಅದೇ ಅವರ ಕೊನೆಯ ಕಛೇರಿಯಾಯಿತು. ನಾನು ಅದಕ್ಕೆ ಹೋಗಿರಲಿಲ್ಲ. ಹೋಗದ ಕಛೇರಿಯ ವಿಮರ್ಶೆ ಬರೆಯಬಾರದು. ಇಷ್ಟು ಮಾತ್ರ ಹೇಳಬಲ್ಲೆ. ದಶಕಗಳ ಕಾಲ ಉಸಿರಿಗೆ ಉಸಿರು ಕೊಟ್ಟ ಧ್ವನಿ ಹಿಂದಿಲ್ಲದಾಗ, ತೊಂಬತ್ತರ ಕಂಠ ನಡುವೆ ನಿಂತರೆ ಆ ನಿಂತ ಜಾಗ ಖಾಲಿಯಾಗಿಯೇ ಕೇಳಿಸುತ್ತದೆ. ಅದು ಸಭೆಗೆಲ್ಲ ಕೇಳಿಸುತ್ತದೆಂದು ಗೊತ್ತಿದ್ದೂ ಹಾಡಲು ಕುಳಿತದ್ದು ಮರೆವಿನಿಂದ ಆಗುವ ಕೆಲಸವಲ್ಲ.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರು ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಅವರ ಬಗ್ಗೆ ಪುಸ್ತಕಗಳಿವೆ, ಇನ್ನೂ ಬರುತ್ತವೆ. ಮುಂದೆ ಬರೆಯುವವರಲ್ಲಿ ನನ್ನದೊಂದೇ ಬೇಡಿಕೆ. ದುಃಖವನ್ನು ಗೆದ್ದ ತಾಯಿ ಎಂದು ಬರೆಯುವ ಮುನ್ನ ಆ ಹಳೆಯ ಮುದ್ರಣಗಳನ್ನು ಇನ್ನೊಮ್ಮೆ ಹಾಕಿ, ಹಿಂದಿನ ಧ್ವನಿಗೆ ಕಿವಿಗೊಡಿ. ಆ ತಾಯಿ ಕಳೆದುಕೊಂಡದ್ದು ಏನು ಎಂದು ಅಲ್ಲಿ ಕೇಳಿಸುತ್ತದೆ.

ನನ್ನ ಪಾಲಿನ ಕೆಲಸ ಸಣ್ಣದು. ಸುರುಳಿ ಮುಗಿದ ಮೇಲೆ ಪೆನ್ನು ಹುಡುಕಿ ತಂದು, ‘ಗಂಗೂಬಾಯಿ’ ಎಂದಿದ್ದ ಕಡೆ ಪಕ್ಕದಲ್ಲಿ ‘ಕೃಷ್ಣಾ’ ಎಂದು ಸೇರಿಸಿದೆ. ಜಾಗ ಸಾಲದೆ ಅಕ್ಷರ ಸ್ವಲ್ಪ ಒತ್ತಾಗಿ ಬಂದಿವೆ.